ಸಂಜೆ ಚೀಟಿ ಹೊಂದಿಸಿದ್ದು

ಬ್ಯಾಡಗಿಯಲ್ಲಿ ನಮ್ಮ ಕಾಕಾನದು ಮೆಣಸಿನಕಾಯಿ ದಲಾಲಿ ಅಂಗಡಿ. ಬೆಳಿಗ್ಗೆ ರೈತರ ಮಾಲು ಇಳಿದಾಗ ಗುಮಾಸ್ತರು ಮೊಬೈಲಿನಲ್ಲಿ ಪಟ್ಟಿ ಮಾಡುತ್ತಾರೆ: ಹೆಸರು, ಮೆಣಸಿನಕಾಯಿಯ ಬಗೆ ಡಬ್ಬಿಯೋ ಕಡ್ಡಿಯೋ ಗುಂಟೂರೋ, ಎಷ್ಟು ಚೀಲ. ತೂಕವಾದ ಮೇಲೆ ಸಂಜೆ ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿ. ಎರಡೂ ಹೊಂದದಿದ್ದರೆ ಯಾರದೋ ಮಾಲು ತೂಕವಾಗದೆ ಉಳಿದಿದೆ ಎಂದರ್ಥ.

“ಇದನ್ನ ಹೊಂದಸೂದ್ರಾಗ ರಾತ್ರಿ ಆಗತೈತಿ, ಏನರ ಮಾಡಿಕೊಡಪಾ” ಅಂದರು ಕಾಕಾ. ನಾನು ಹುಬ್ಬಳ್ಳಿಯಲ್ಲಿ ಪ್ರೋಗ್ರಾಮಿಂಗ್ ಕೆಲಸ ಮಾಡುವವನು, ಒಪ್ಪಿಕೊಂಡೆ.

ಮೊದಲು ಬರೆದದ್ದು ಲೂಪಿನೊಳಗೊಂದು ಲೂಪ್, ಅಂದರೆ ಒಂದು ಪಟ್ಟಿಯ ಪ್ರತಿ ಸಾಲನ್ನೂ ಇನ್ನೊಂದರ ಎಲ್ಲ ಸಾಲಿನೊಂದಿಗೆ ಹೋಲಿಸುವುದು. ಒಂದೊಂದು ಪಟ್ಟಿಯಲ್ಲೂ 40 ಸಾಲು ಎಂದರೆ 1,600 ಹೋಲಿಕೆ. ಅತ್ತಿಂದಿತ್ತ, ಇತ್ತಿಂದತ್ತ ಎರಡೂ ಕಡೆ ನೋಡಬೇಕು, 3,200. ಕಂಪ್ಯೂಟರಿಗೆ ಇದು ಲೆಕ್ಕಕ್ಕೇ ಇಲ್ಲ. ಒಂದೊಂದರಲ್ಲೂ ಲಕ್ಷ ಸಾಲಿದ್ದರೆ ಒಂದೇ ದಿಕ್ಕಿಗೆ ಸಾವಿರ ಕೋಟಿ ಹೋಲಿಕೆಯಾಗುತ್ತಿತ್ತು, ಆಗ ಮಾತು ಬೇರೆ. ಆದರೂ ಕೈರೂಢಿಯಂತೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸೆಟ್‌ಗೆ ಬದಲಾಯಿಸಿದೆ. ಸೆಟ್ ಎಂದರೆ ಒಂದು ಬಗೆಯ ಸಂಗ್ರಹ. ಅದು ಹ್ಯಾಶ್, ಅಂದರೆ ಪ್ರತಿ ಸಾಲಿನಿಂದ ಲೆಕ್ಕಹಾಕಿದ ಒಂದು ಅಂಕಿ, ಹಿಡಿದು ನೇರ ಜಾಗಕ್ಕೇ ಹೋಗಿ ನೋಡುತ್ತದೆ, ಇಡೀ ಪಟ್ಟಿ ತಡಕುವುದಿಲ್ಲ. ಒಂದರಿಂದ ಇನ್ನೊಂದನ್ನು ಕಳೆದರೆ ಉತ್ತರ.

ಉತ್ತರ ಹೀಗೆ ಬಂತು. ಬೆಳಿಗ್ಗೆ ಇದ್ದು ಸಂಜೆ ಇಲ್ಲದ್ದು: ಕೊಟ್ರಪ್ಪ, ಕಡ್ಡಿ, 6. ಸಂಜೆ ಇದ್ದು ಬೆಳಿಗ್ಗೆ ಇಲ್ಲದ್ದು: ಕೊಟ್ರಪ್ಪ, ಕಡ್ಡಿ, 6. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್ ಎಣಿಸುವ ಚಿಹ್ನೆ ಎಷ್ಟು ಎಂದು ಕೇಳಿದರೆ ಒಂದು ಹೆಸರಿಗೆ 8, ಇನ್ನೊಂದಕ್ಕೆ 9! ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರ ಇಡುವ ಸಂಕೇತ ಪದ್ಧತಿಯಲ್ಲಿ, ‘ಕೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವಕ್ಕೆ ಕೊಂಬಿನ ದೀರ್ಘ ಸೇರಿಸಿ ಎರಡಾಗಿಯೂ ಇಡಬಹುದು. ಮೊಬೈಲ್ ಒಂದು ರೀತಿ ಇಟ್ಟಿತ್ತು, ಕಂಪ್ಯೂಟರ್ ಇನ್ನೊಂದು ರೀತಿ. ಹೋಲಿಸುವ ಮೊದಲು ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆ ಕೂಡಿಸಿ ಒಂದೇ ಮಾಡುವ ಯೂನಿಕೋಡ್ ರೂಪ) ತಂದೆ, ಆ ಗೋಳು ತೀರಿತು. ಕನ್ನಡದ ಹೆಸರು ಹೋಲಿಸುವವರು ಈ ಹೆಜ್ಜೆಯನ್ನು ಬಿಡಲೇಬಾರದು. ಸಣ್ಣ ಪಟ್ಟಿಯಲ್ಲಿ ವೇಗದ ಚಿಂತೆಗಿಂತ ಮೊದಲು ‘ಒಂದೇ’ ಎಂದರೆ ಏನು ಎಂಬುದು ಗಟ್ಟಿಯಾಗಬೇಕು.

ಮರುವಾರ ಪ್ರೋಗ್ರಾಂ ‘ವ್ಯತ್ಯಾಸವಿಲ್ಲ’ ಎಂದಿತು. ಗುಮಾಸ್ತರು ಒಪ್ಪಲಿಲ್ಲ: “ಆರು ಚೀಲ ಮೂಲ್ಯಾಗ ಬಿದ್ದಾವಲ್ರೀ.” ಒಬ್ಬ ರೈತರು ಆರಾರು ಚೀಲದ ಎರಡು ಲಾಟ್ ತಂದಿದ್ದರು, ಎರಡೂ ಕಡ್ಡಿಯೇ. ಸೆಟ್‌ನಲ್ಲಿ ಒಂದೇ ಥರದ್ದು ಎರಡು ನಿಲ್ಲುವುದಿಲ್ಲ. ಎರಡು ಲಾಟು ಒಂದಾಗಿತ್ತು. ತೂಕದ ಚೀಟಿಯಲ್ಲಿ ಲಾಟ್ ನಂಬರ್ ಬರೆಯುವ ರೂಢಿ ಆ ಅಂಗಡಿಯಲ್ಲಿ ಇರಲಿಲ್ಲ. ರೈತನ ದುಡ್ಡಿನ ವಿಷಯ, ನನಗೆ ತುಂಬಾ ಕಸಿವಿಸಿಯಾಯಿತು.

ನೀವು ಹೇಗೆ ಹಿಡಿದಿರಿ ಎಂದು ಗುಮಾಸ್ತರನ್ನೇ ಕೇಳಿದೆ. ಎರಡೂ ಪಟ್ಟಿಯನ್ನು ಹೆಸರಿನ ಕ್ರಮದಲ್ಲಿ ಬರೆದುಕೊಂಡು, ಒಂದೊಂದರ ಮೇಲೆ ಒಂದೊಂದು ಬೆರಳಿಟ್ಟು ತೋರಿಸಿದರು. ಹೊಂದಿದರೆ ಎರಡೂ ಬೆರಳು ಕೆಳಗೆ ಸರಿಯುತ್ತವೆ. ಹೊಂದದಿದ್ದರೆ ಕ್ರಮದಲ್ಲಿ ಮುಂಚೆ ಬರುವ ಹೆಸರಿಗೆ ಗುರುತು ಹಾಕಿ, ಆ ಬೆರಳನ್ನಷ್ಟೇ ಸರಿಸುತ್ತಾರೆ. 40ಕ್ಕೆ 40 ಇದ್ದರೆ ಹೆಚ್ಚೆಂದರೆ 80 ಹೆಜ್ಜೆ, ಎರಡು ಕಡೆಯ ವ್ಯತ್ಯಾಸವೂ ಒಂದೇ ಓಟದಲ್ಲಿ ಸಿಗುತ್ತದೆ, ಜೋಡಿ ಲಾಟೂ ಕಳೆಯುವುದಿಲ್ಲ.

ಪೈಥಾನಿನ ಕೌಂಟರ್‌ನಿಂದಲೂ ಆಗುತ್ತಿತ್ತು. ಅದು ಯಾವುದು ಎಷ್ಟು ಸಲ ಎಂದು ಎಣಿಸಿಡುತ್ತದೆ. ಆದರೆ ನಾನು ಗುಮಾಸ್ತರ ಬೆರಳುಗಳನ್ನೇ ಬರೆದೆ: ಎರಡೂ ಪಟ್ಟಿ ಸಾರ್ಟ್ ಮಾಡಿ (ಕ್ರಮಕ್ಕೆ ಜೋಡಿಸಿ), ಬೆರಳುಗಳ ಬದಲು ಎರಡು ಎಣಿಕೆ ಇಟ್ಟು, ಪಟ್ಟಿ ಮುಗಿಯುವ ತನಕ ಓಡುವ ಒಂದು ವೈಲ್ ಲೂಪ್. ಒಂದು ಪಟ್ಟಿ ಮುಗಿದಾಗ ಇನ್ನೊಂದರಲ್ಲಿ ಉಳಿದದ್ದನ್ನೆಲ್ಲ ವ್ಯತ್ಯಾಸಕ್ಕೆ ಸೇರಿಸಲು ಮರೆಯಬಾರದು. ಆ ದಿನದ ಚೀಟಿಗಳನ್ನೇ ಮತ್ತೆ ಓಡಿಸಿದೆ. ಒಂದೇ ಸಾಲು ಬಂತು: ಕಡ್ಡಿ, 6, ಸಂಜೆ ಇಲ್ಲ.