ಭಾರ ಎತ್ತುವವರು, ಜೀವ ಕಾಯುವವರು: ಟೋಯಿಂಗ್ ಚಾಲಕರೊಂದಿಗೆ ರಕ್ಷಣಾ ಕಾರ್ಯ

ಭಾರಿ ವಾಹನದ ಅಪಘಾತದ ಕರೆ ಬಂದ ಕ್ಷಣವೇ, ಅಗ್ನಿಶಾಮಕ ವಾಹನದ ಜೊತೆಗೆ ದೊಡ್ಡ ಟೋಯಿಂಗ್ ವಾಹನವೂ ಹೊರಡಬೇಕು ಎಂಬುದು ರಕ್ಷಣಾ ತಂಡದ ಹೊಣೆ ಹೊತ್ತ ನಾನು ಪಟ್ಟು ಹಿಡಿದು ಜಾರಿಗೆ ತಂದ ಪದ್ಧತಿ. ಸಾಮಾನ್ಯವಾಗಿ ಟೋಯಿಂಗ್ ಚಾಲಕರನ್ನು ನೆನಪಿಸಿಕೊಳ್ಳುವುದು ಗಾಯಾಳುಗಳೆಲ್ಲ ಆಸ್ಪತ್ರೆ ಸೇರಿದ ಮೇಲೆ, ರಸ್ತೆಯನ್ನು ತೆರವು ಮಾಡುವ ಹೊತ್ತಿಗೆ. ಎರಡು ಕಾರುಗಳು ಡಿಕ್ಕಿ ಹೊಡೆದ ಅಪಘಾತಕ್ಕೆ ಅಷ್ಟು ಸಾಕು. ಆದರೆ ಸರಕು ತುಂಬಿದ ಟ್ರೇಲರ್ ಕಾರಿನ ಮೇಲೆ ಮಗುಚಿದ್ದರೆ, ಅಥವಾ ಕಾರು ಟ್ರೇಲರಿನ ಅಡಿಗೆ ನುಗ್ಗಿ ಸಿಕ್ಕಿಕೊಂಡಿದ್ದರೆ, ಒಳಗಿರುವವರನ್ನು ಬಿಡಿಸಲು ಬೇಕಾದ ಬಲ ಆ ಟೋಯಿಂಗ್ ವಾಹನದಲ್ಲಿಯೇ ಇರುತ್ತದೆ. ಅದು ದೂರದಿಂದ ಬಂದು ಸೇರುವವರೆಗಿನ ಕಾಯುವಿಕೆಯಷ್ಟೂ ಗಾಯಾಳುವಿನ ಪಾಲಿಗೆ ನಷ್ಟ.

ನಮ್ಮಲ್ಲಿ ಭಾರ ಎತ್ತುವ ಗಾಳಿಚೀಲಗಳಿಲ್ಲವೇ, ಹೈಡ್ರಾಲಿಕ್ ಜಾಕ್‌ಗಳಿಲ್ಲವೇ ಎಂದು ಸಹೋದ್ಯೋಗಿಗಳೇ ಕೇಳಿದ್ದುಂಟು. ಇವೆ, ಆದರೆ ಅವುಗಳ ಮಿತಿಯನ್ನು ಅರಿತಿರಬೇಕು. ಅಧಿಕ ಒತ್ತಡದ ಗಾಳಿಚೀಲವೊಂದರ ಮೇಲೆ 20 ಟನ್ ಎಂದು ಬರೆದಿದ್ದರೆ, ಅದು ಚಪ್ಪಟೆಯಾಗಿದ್ದು ಇಡೀ ಮೇಲ್ಮೈ ಭಾರಕ್ಕೆ ತಾಗಿರುವಾಗಿನ ಸಾಮರ್ಥ್ಯ. ಉಬ್ಬುತ್ತಾ ಹೋದಂತೆ ತಾಗುವ ಜಾಗ ಕಿರಿದಾಗಿ ಬಲವೂ ಇಳಿಯುತ್ತದೆ, ಭಾರ ಪಕ್ಕಕ್ಕೆ ಜಾರುವ ಅಪಾಯವೂ ಹೆಚ್ಚುತ್ತದೆ. ಅಲ್ಲದೆ ಚೀಲಗಳಿಗೆ ಗಟ್ಟಿಯಾದ ನೆಲ ಬೇಕು, ಅವುಗಳನ್ನು ಇಡಲು ನಮ್ಮವರು ಭಾರದ ಸಮೀಪಕ್ಕೇ ಹೋಗಬೇಕು. ಟೋಯಿಂಗ್ ವಾಹನದ ಬೂಮ್, ಅಂದರೆ ಕ್ರೇನಿನಂಥ ಅದರ ಉದ್ದ ತೋಳು, ಮೇಲಿನಿಂದ ಹಿಡಿದೆತ್ತುತ್ತದೆ, ಎತ್ತಿದ್ದನ್ನು ಅಲುಗದಂತೆ ಹಿಡಿದೂ ನಿಲ್ಲುತ್ತದೆ.

ಯಂತ್ರಕ್ಕಿಂತ ದೊಡ್ಡದು ಆ ಚಾಲಕರ ತಿಳಿವಳಿಕೆ. ಲಾರಿಯ ಚಾಸಿಯಲ್ಲಿ ಸರಪಳಿ ಎಲ್ಲಿ ಹಾಕಿದರೆ ಹಿಡಿದೀತು, ಎಲ್ಲಿ ಹಾಕಿದರೆ ಕಿತ್ತುಬಂದೀತು, ಅರ್ಧ ತುಂಬಿದ ಟ್ಯಾಂಕರಿನೊಳಗೆ ದ್ರವ ಹೊಯ್ದಾಡಿದರೆ ತೂಕ ಯಾವ ಕಡೆಗೆ ವಾಲೀತು ಎಂಬುದನ್ನು ಅವರು ದಿನನಿತ್ಯದ ಕೆಲಸದಲ್ಲಿ ಕಲಿತಿರುತ್ತಾರೆ. ನಮಗೆ ತಿಳಿದಿರುವುದು ಗಾಯಾಳುವಿನ ಸ್ಥಿತಿ, ಕಾರಿನ ಲೋಹವನ್ನು ಕತ್ತರಿಸುವ ಬಗೆ, ಬೆಂಕಿಯ ಅಪಾಯ. ಈ ಎರಡು ತಿಳಿವಳಿಕೆಗಳನ್ನು ಅಪಘಾತದ ಸ್ಥಳದಲ್ಲಿ ಮೊದಲ ಬಾರಿಗೆ ಪರಿಚಯ ಮಾಡಿಸಲು ಹೊರಟರೆ ಕೆಲಸ ಕೆಡುತ್ತದೆ. ಆದ್ದರಿಂದ ಗುಜರಿಗೆ ಹೋಗಲಿದ್ದ ವಾಹನಗಳನ್ನು ತರಿಸಿ ಒಟ್ಟಿಗೆ ಅಭ್ಯಾಸ ಆರಂಭಿಸಿದೆವು. ಅವರ ದೈನಂದಿನ ಕೆಲಸದಲ್ಲಿ ಬೇಗ ಎಳೆದು ರಸ್ತೆ ಬಿಡಿಸುವುದೇ ಜಾಣತನ. ಒಳಗೆ ಜೀವವಿರುವಾಗ ಒಂದು ಇಂಚು ಎತ್ತಿ, ನಿಲ್ಲಿಸಿ, ಆ ಒಂದು ಇಂಚಿಗೆ ಮರದ ದಿಮ್ಮಿಗಳ ಆಸರೆ ಕೊಟ್ಟು, ಆಮೇಲೆ ಮುಂದಿನ ಇಂಚಿಗೆ ಹೋಗಬೇಕು. ಈ ನಿಧಾನವನ್ನು ಅವರು ಕಲಿತರು. ಹಗ್ಗವನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ ಭಾರ ಎಳೆಯುವ ವಿಂಚಿನ ಸಾಮರ್ಥ್ಯವೆಂದು ಹೇಳುವ ಅಂಕಿ ಡ್ರಮ್ಮಿನ ಮೊದಲ ಸುತ್ತುಪದರಕ್ಕೆ ಮಾತ್ರ ಅನ್ವಯಿಸುತ್ತದೆ, ಮೇಲಿನ ಪದರಗಳಲ್ಲಿ ಎಳೆಯುವ ಬಲ ಕಡಿಮೆಯಾಗುತ್ತದೆ ಎಂಬುದನ್ನು ನಾವು ಅವರಿಂದ ಕಲಿತೆವು. ಸರಪಳಿಯ ಕೋನದ ಲೆಕ್ಕವೂ ಅವರ ಪಾಠವೇ: ಎರಡು ಎಳೆಗಳಲ್ಲಿ ಎತ್ತುವಾಗ ಪ್ರತಿ ಎಳೆಯೂ ನೆಲಮಟ್ಟಕ್ಕೆ 60 ಡಿಗ್ರಿ ಇದ್ದರೆ ಅದರ ಮೇಲೆ ಒಟ್ಟು ತೂಕದ ಸುಮಾರು 58 ಶೇಕಡಾ ಬೀಳುತ್ತದೆ, ಕೋನ 30 ಡಿಗ್ರಿಗೆ ಇಳಿದರೆ ಒಂದೊಂದು ಎಳೆಯ ಮೇಲೂ ಇಡೀ ತೂಕದಷ್ಟೇ ಸೆಳೆತ ಬೀಳುತ್ತದೆ.

ಟ್ರೇಲರಿನ ಹಿಂಭಾಗದ ಅಡಿಗೆ ಕಾರೊಂದು ಮುಂದಿನ ಸೀಟಿನವರೆಗೂ ಹೊಕ್ಕಿದ್ದ ಪ್ರಸಂಗದಲ್ಲಿ ಈ ಅಭ್ಯಾಸದ ಬೆಲೆ ಚೆನ್ನಾಗಿ ತಿಳಿಯಿತು. ಚಾಲಕಿಗೆ ಪ್ರಜ್ಞೆ ಇತ್ತು. ಕಾರಿನ ಚಾವಣಿ ಅವರ ಭುಜದ ಮಟ್ಟಕ್ಕೆ ಕುಸಿದಿತ್ತು, ಕಾಲುಗಳು ಡ್ಯಾಶ್‌ಬೋರ್ಡಿನ ಕೆಳಗೆ ಒತ್ತಿಕೊಂಡಿದ್ದವು. ಕಾರನ್ನು ಹಿಂದಕ್ಕೆ ಎಳೆಯೋಣವೆಂಬ ಸಲಹೆ ನಮ್ಮ ತಂಡದಿಂದಲೇ ಬಂತು. ಟೋಯಿಂಗ್ ಚಾಲಕರು ಬಗ್ಗಿ ನೋಡಿ, "ಎಳೆಯೋದು ಬೇಡ ಸರ್, ಟ್ರೇಲರಿನ ಕಬ್ಬಿಣ ಚಾವಣಿಗೆ ಕಚ್ಚಿಕೊಂಡಿದೆ. ಕಾರು ಇದ್ದಲ್ಲೇ ಇರಲಿ, ಟ್ರೇಲರನ್ನೇ ಎತ್ತೋಣ" ಎಂದರು. ಎಳೆದಿದ್ದರೆ ಆ ಕಬ್ಬಿಣ ಚಾವಣಿಯನ್ನು ಇನ್ನಷ್ಟು ಮಡಚಿ ಚಾಲಕಿಯ ಮೇಲೆಯೇ ತರುತ್ತಿತ್ತು. ಎತ್ತುವುದರಲ್ಲಿಯೂ ಒಂದು ಸೂಕ್ಷ್ಮವಿದೆ: ಭಾರದಡಿ ಕುಗ್ಗಿದ ಕಾರಿನ ಸ್ಪ್ರಿಂಗುಗಳು ಟ್ರೇಲರ್ ಮೇಲೇರಿದಂತೆ ತಾವೂ ಬಿಚ್ಚಿಕೊಂಡು ಕಾರನ್ನು ಹಿಂದೆಯೇ ಎತ್ತುತ್ತವೆ, ಹೀಗಾಗಿ ನಡುವೆ ಜಾಗವೇ ಸಿಗುವುದಿಲ್ಲ. ಆದ್ದರಿಂದ ಮೊದಲು ಕಾರಿನ ಟೈರುಗಳ ಗಾಳಿ ಬಿಟ್ಟು, ಪಟ್ಟಿಗಳಿಂದ ಕಾರಿನ ದೇಹವನ್ನು ಚಕ್ರಗಳಿಗೆ ಬಿಗಿದು, ಅಡಿಗೆ ದಿಮ್ಮಿ ಸೇರಿಸಿದೆವು. ಟ್ರೇಲರಿನ ಉಳಿದ ಚಕ್ರಗಳಿಗೂ ಅಡ್ಡ ಇಟ್ಟೆವು. ವೈದ್ಯಕೀಯ ಸಿಬ್ಬಂದಿ ಕಾರಿನೊಳಗೆ ಚಾಲಕಿಯ ಜೊತೆಯಲ್ಲೇ ಕುಳಿತು ಮಾತನಾಡಿಸುತ್ತಾ, ಕಾಲಿನ ಒತ್ತಡ ಬಿಡಿಸುವ ಮೊದಲೇ ರಕ್ತನಾಳಕ್ಕೆ ದ್ರವ ಕೊಡಲು ಆರಂಭಿಸಿದ್ದರು. ಬಹಳ ಹೊತ್ತು ನಜ್ಜಿದ ಸ್ನಾಯುವಿನಿಂದ ಒತ್ತಡ ತೆಗೆದೊಡನೆ ಪೊಟ್ಯಾಸಿಯಂ ರಕ್ತಕ್ಕೆ ನುಗ್ಗಿ ಹೃದಯಕ್ಕೆ ಅಪಾಯ ತರಬಹುದು. ಇದನ್ನು ಟೋಯಿಂಗ್ ಚಾಲಕರಿಗೆ ಮುಂಚೆಯೇ ವಿವರಿಸಿದ್ದರಿಂದ, ವೈದ್ಯಕೀಯ ಸಿಬ್ಬಂದಿ ತಡೆಯಿರಿ ಎಂದಾಗಲೆಲ್ಲ ಅವರ ಕೈ ಲಿವರಿನ ಮೇಲೆ ಸ್ಥಿರವಾಗಿ ನಿಂತಿತು. ಆ ತಾಳ್ಮೆಯನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಆಜ್ಞೆಯ ವಿಷಯದಲ್ಲಿ ನಮ್ಮ ನಿಯಮ ಚಿಕ್ಕದು. ಸ್ಥಳದ ಮುಖ್ಯಸ್ಥರು ಒಬ್ಬರೇ. ಎತ್ತುವ ಸನ್ನೆ ಕೊಡುವವರೂ ಒಬ್ಬರೇ. ನಿಲ್ಲಿಸುವ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಕೊಡಬಹುದು. ಮುಖ್ಯಸ್ಥರೂ ಟೋಯಿಂಗ್ ಚಾಲಕರೂ ವಾಹನವನ್ನು ಒಟ್ಟಿಗೆ ಒಂದು ಸುತ್ತು ಹಾಕಿ ನೋಡದೆ ಕೊಕ್ಕೆ ಹಾಕುವಂತಿಲ್ಲ. ಹಗ್ಗಕ್ಕೆ ಬಿಗಿ ಬಂದ ಮೇಲೆ ಅದು ಕಡಿದರೆ ಬೀಸುವ ಹಾದಿಯಲ್ಲಿ ಯಾರೂ ನಿಲ್ಲಬಾರದು. ಎತ್ತುವ ಅಗತ್ಯವೇ ಇಲ್ಲದ ಕಡೆಯೂ, ಇಳಿಜಾರಿನಲ್ಲಿ ವಾಲಿ ನಿಂತ ವಾಹನಕ್ಕೆ ವಿಂಚಿನ ಹಗ್ಗ ಬಿಗಿದು ಹಿಡಿಸಿಟ್ಟು, ಆಮೇಲೆ ಕಟ್ಟರ್ ಮುಟ್ಟುವುದು ನನಗೆ ಬಹಳ ಸಮಾಧಾನ ಕೊಡುವ ಕ್ರಮ.

ಗಾಯಾಳು ಹೊರಬಂದ ಮೇಲೆ ನಮ್ಮ ಪಾಲಿನ ಕರ್ತವ್ಯವೊಂದು ಉಳಿದಿರುತ್ತದೆ. ಸಿಡಿಯದ ಏರ್‌ಬ್ಯಾಗುಗಳು ಯಾವುವು, ಕಾರಿನ ಚಾವಣಿ ಹೊರುವ ಯಾವ ಕಂಬಗಳನ್ನು ಕತ್ತರಿಸಿದ್ದೇವೆ, ಇಂಧನ ಎಲ್ಲಿ ಸೋರುತ್ತಿದೆ ಎಂಬುದನ್ನು ಟೋಯಿಂಗ್ ಚಾಲಕರಿಗೆ ಬಾಯಿಬಿಟ್ಟು ಹೇಳಬೇಕು. ವಿದ್ಯುತ್ ವಾಹನವಾದರೆ ಈ ಮಾತು ಇನ್ನೂ ಮುಖ್ಯ. ಹಾನಿಗೊಂಡ ಲಿಥಿಯಂ ಬ್ಯಾಟರಿ ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರವೂ ಮತ್ತೆ ಹೊತ್ತಿಕೊಳ್ಳಬಹುದು. ಚಾಲನಾ ಚಕ್ರಗಳು ನೆಲದಲ್ಲಿ ಉರುಳಿದರೆ ಮೋಟಾರು ವಿದ್ಯುತ್ ಉತ್ಪಾದಿಸಬಹುದಾದ್ದರಿಂದ ಅಂಥ ವಾಹನವನ್ನು ಎಳೆದೊಯ್ಯದೆ ಚಪ್ಪಟೆ ಹಾಸಿನ ವಾಹನದ ಮೇಲೆ ಹೇರಬೇಕು. ನಿಲ್ಲಿಸುವ ಅಂಗಳದಲ್ಲಿ ಇತರ ವಾಹನ ಮತ್ತು ಕಟ್ಟಡಗಳಿಂದ ಸುಮಾರು 15 ಮೀಟರ್ ದೂರ ಇಡಬೇಕು. ವಾಹನ ಹೇರಿ ಮುಗಿಯುವವರೆಗೆ ನೀರಿನ ಕೊಳವೆ ಸಿದ್ಧವಿಟ್ಟುಕೊಂಡು ನಮ್ಮ ಒಂದು ತಂಡ ಅಲ್ಲಿಯೇ ಇರುತ್ತದೆ, ಸಂಚಾರದ ಕಡೆಯಿಂದ ಟೋಯಿಂಗ್ ಚಾಲಕರಿಗೆ ನಮ್ಮ ವಾಹನವೇ ಮರೆಯಾಗಿ ನಿಂತಿರುತ್ತದೆ.

ಹಣದ ಮಾತನ್ನು ಮುಜುಗರದಿಂದ ಬಿಟ್ಟುಬಿಡುವವರಿದ್ದಾರೆ, ಅದು ಸರಿಯಲ್ಲ. ಯಾರ ಬಳಿ ಎಷ್ಟು ಸಾಮರ್ಥ್ಯದ ವಾಹನವಿದೆ, ರಾತ್ರಿ ಯಾರು ಬರುತ್ತಾರೆ, ಕಾದು ನಿಂತ ಸಮಯಕ್ಕೆ ಸಂಭಾವನೆ ಯಾರು ಕೊಡುತ್ತಾರೆ, ವಾಹನಕ್ಕೆ ಹಾನಿಯಾದರೆ ಹೊಣೆ ಯಾರದು ಎಂಬುದೆಲ್ಲ ಮೊದಲೇ ಬರಹದಲ್ಲಿರಬೇಕು. ಕೆಲಸ ಮುಗಿದ ಮೇಲೆ ನಾವು ನಡೆಸುವ ಪರಾಮರ್ಶೆಗೆ ಟೋಯಿಂಗ್ ಚಾಲಕರನ್ನೂ ಕರೆಯುತ್ತೇವೆ. ನಾವು ಕಂಡ ಸಾವನ್ನು ಅವರೂ ಕಂಡಿರುತ್ತಾರೆ, ಆದರೆ ಅದರ ಬಗ್ಗೆ ಅವರನ್ನು ವಿಚಾರಿಸುವ ಇಲಾಖೆ ಯಾವುದೂ ಇರುವುದಿಲ್ಲ. ನಮ್ಮ ಸಿಬ್ಬಂದಿಗೆ ದೊರೆಯುವ ಆಪ್ತಸಮಾಲೋಚನೆ ಅವರಿಗೂ ದೊರೆಯಬೇಕೆಂದು ಒಪ್ಪಂದದಲ್ಲಿಯೇ ಸೇರಿಸಿದ್ದೇವೆ.