ಹೊಸ ಚಾಲಕರಿಗೆ ಹಳೆಯ ಜೀಪ್: ಆರಿಸುವುದು ಹೇಗೆ?

ಮಲೆನಾಡು ಮತ್ತು ಕೊಡಗಿನ ತೋಟದ ಮನೆಗಳಲ್ಲಿ ಮಗನಿಗೋ ಮಗಳಿಗೋ ಡ್ರೈವಿಂಗ್ ಲೈಸೆನ್ಸ್ ಸಿಕ್ಕ ಕೂಡಲೇ ಹಳೆಯ ಜೀಪ್ ಒಂದನ್ನು ಕೊಳ್ಳುವ ಮಾತು ಬರುತ್ತದೆ. ಮಳೆಗಾಲದಲ್ಲಿ ತೋಟದ ದಾರಿ ಹತ್ತಲು ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಫೋರ್ ವೀಲ್ ಡ್ರೈವ್ ಬೇಕೇ ಬೇಕು, ಹೊಸ ಗಾಡಿಯ ಬೆಲೆ ಕೈಗೆ ಎಟುಕುವುದಿಲ್ಲ; ಹಾಗಾಗಿ ಆ ಯೋಚನೆ ಸರಿಯಾದದ್ದೇ. ಆದರೆ ಹೆಚ್ಚಿನವರು ಮರುಳಾಗುವುದು ಬಣ್ಣ, ದಪ್ಪ ಟೈರ್ ಮತ್ತು ಬಂಪರ್‌ಗೆ. ಹದಿನೆಂಟು ತುಂಬಿದ ಚಾಲಕರ ಕೈಗೆ ಕೊಡುವ ಗಾಡಿಯಲ್ಲಿ ಬ್ರೇಕ್, ಸ್ಟೇರಿಂಗ್, ಚಾಸಿ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಮತ್ತು ದಾಖಲೆಗಳನ್ನು ನೋಡಿ ಮುಗಿದ ಮೇಲಷ್ಟೇ ಅಂದದ ಕಡೆಗೆ ಕಣ್ಣು ಹಾಯಿಸಬೇಕು.

ಯಾವ ಗಾಡಿ?

ನಮ್ಮಲ್ಲಿ ಸುಲಭವಾಗಿ ಸಿಗುವುದು ಮೂರು ಬಗೆ. ಅಮೆರಿಕದ ವಿಲ್ಲಿಸ್ ಕಂಪನಿಯ ವಿನ್ಯಾಸದ ಮಹೀಂದ್ರ ಸಿಜೆ-3ಬಿ ಎಲ್ಲಕ್ಕಿಂತ ಹಳೆಯದು. ಅದರ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಇಂಚು ಮಾತ್ರ; ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಗಿಡ್ಡ ಗಾಡಿ, ಎತ್ತರದ ಭಾರ, ಮೇಲೆ ಕ್ಯಾನ್ವಾಸ್ ಹೊದಿಕೆ: ವೇಗದ ತಿರುವಿನಲ್ಲಿ ಮಗುಚಿದರೆ ಒಳಗಿದ್ದವರಿಗೆ ರಕ್ಷಣೆಯಿಲ್ಲ. 1980ರ ದಶಕದಲ್ಲಿ ಬಂದ ಎಂಎಂ-540 ಪೂಜೋ ಡೀಸೆಲ್ ಎಂಜಿನ್‌ನ ಗಟ್ಟಿ ಗಾಡಿ, ಹಳ್ಳಿಯ ಮೆಕ್ಯಾನಿಕ್‌ಗೂ ಪರಿಚಿತ. ಆದರೆ ಸ್ಟೇರಿಂಗ್ ಭಾರ. ಮೂರನೆಯದು ಮಾರುತಿ ಜಿಪ್ಸಿ. 1985ರಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಶುರುವಾದ ಇದು 1996ರಲ್ಲಿ 1298 ಸಿಸಿಯ ಜಿಪ್ಸಿ ಕಿಂಗ್ ಆಯಿತು, ಮುಂದೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಬೇರೆಯಾಗಿ ಇಂಧನ ಚಿಮ್ಮಿಸುವ ವ್ಯವಸ್ಥೆ) ಬಂದು 80 ಅಶ್ವಶಕ್ತಿ ಮುಟ್ಟಿತು. ಅದರ ಚಕ್ರಗಳ ನಡುವಿನ ಅಂತರ 2375 ಮಿಲಿಮೀಟರ್, ಅಂದರೆ ಸುಮಾರು 93.5 ಇಂಚು, ಮುಂದೆ ಡಿಸ್ಕ್ ಬ್ರೇಕ್ ಇದೆ, ಗಾಡಿಯೂ ಹಗುರ.

ಹೊಸ ಚಾಲಕರಿಗೆ ನನ್ನ ಆಯ್ಕೆ ಎಂಪಿಎಫ್‌ಐ ಜಿಪ್ಸಿ ಕಿಂಗ್. ಎಂಎಂ-540 ಮೇಲೆ ಎಷ್ಟೇ ಪ್ರೀತಿಯಿದ್ದರೂ ಅದನ್ನು ಎರಡು ಮೂರು ವರ್ಷ ಗಾಡಿ ಓಡಿಸಿ ಕೈ ಕುದುರಿದವರಿಗೆ ಬಿಡುವುದು ಒಳ್ಳೆಯದು. ಯಾವುದನ್ನೇ ಕೊಂಡರೂ ಅದರಲ್ಲಿ ಏರ್‌ಬ್ಯಾಗ್ ಆಗಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಆಗಲಿ ಇರುವುದಿಲ್ಲ ಎಂಬುದನ್ನು ಮನೆಯವರು ಮೊದಲೇ ಒಪ್ಪಿಕೊಂಡು ಮುಂದುವರಿಯಬೇಕು.

ದಾಖಲೆ ನೋಡದೆ ಅಡ್ವಾನ್ಸ್ ಬೇಡ

ಆರ್‌ಸಿಯಲ್ಲಿರುವ ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲೆ ಕೊರೆದಿರುವ ನಂಬರ್‌ಗಳೊಂದಿಗೆ ಒಂದೊಂದೇ ಅಂಕಿ ತಾಳೆ ನೋಡಬೇಕು. ಹಳೆಯ ಜೀಪ್‌ಗಳಿಗೆ ಬೇರೆ ಕಂಪನಿಯ ಎಂಜಿನ್ ಕೂರಿಸುವುದು ವಾಡಿಕೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಾಗಿರದಿದ್ದರೆ ಅಂಥ ಗಾಡಿಯನ್ನು ಅಲ್ಲಿಗೇ ಬಿಡಬೇಕು. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯುವುದೂ ಇದೇ ಕಾರಣಕ್ಕೆ.

ಖಾಸಗಿ ವಾಹನಕ್ಕೆ 15 ವರ್ಷ ತುಂಬಿದ ಮೇಲೆ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನವೀಕರಣ ಬಾಕಿಯಿದ್ದರೆ ಅದನ್ನು ಮುಗಿಸಿ ಕೊಡುವ ಹೊಣೆ ಮಾರುವವರದ್ದೇ ಎಂದು ಮೊದಲೇ ಮಾತಾಡಿಕೊಳ್ಳಿ. ದೆಹಲಿ ಕಡೆಯಿಂದ ಅಗ್ಗಕ್ಕೆ ಬರುವ ಗಾಡಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ನಿರ್ಬಂಧ ಬಂದದ್ದರಿಂದ ಬೆಲೆ ಕುಸಿದಿದೆ, ನಿಜ. ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಉಳಿತಾಯ ಕರಗಬಹುದು. ಸೇನೆಯ ಹರಾಜಿನಿಂದ ಬಂದ ಜಿಪ್ಸಿಯಾದರೆ ನಾಗರಿಕ ನೋಂದಣಿ ಆಗಿರಲೇಬೇಕು. 50 ವರ್ಷ ದಾಟಿದ ಜೀಪನ್ನು ವಿಂಟೇಜ್ ಎಂದು ನೋಂದಾಯಿಸಿದ್ದರೆ ಅದು ಪ್ರದರ್ಶನ, ರ‍್ಯಾಲಿಗಳಂಥ ಸಂದರ್ಭಗಳಿಗಷ್ಟೇ ರಸ್ತೆಗಿಳಿಯಬಹುದು, ದಿನಬಳಕೆಗೆ ಅಲ್ಲ.

ಗಾಡಿಯ ಅಡಿಗೆ ಮಲಗಿ ನೋಡಿ

ಇಡೀ ಪರೀಕ್ಷೆಯಲ್ಲಿ ಮುಖ್ಯವಾದದ್ದು ಇದು. ಟಾರ್ಚ್, ಸಣ್ಣ ಸುತ್ತಿಗೆ ಮತ್ತು ಸ್ಕ್ರೂಡ್ರೈವರ್ ಹಿಡಿದು ಅಡಿಗೆ ಹೋಗಿ, ಚಾಸಿಯ ಉದ್ದಕ್ಕೂ ಗೇಣು ಗೇಣಿಗೆ ಮೆಲ್ಲಗೆ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಒಳಗಿಂದ ತುಕ್ಕು ತಿಂದ ಕಡೆ ಸದ್ದು ಮಂಕಾಗಿ, ಸ್ಕ್ರೂಡ್ರೈವರ್ ತುದಿ ಒತ್ತಿದರೆ ಒಳಕ್ಕೆ ಇಳಿಯುತ್ತದೆ. ಪಾಟಾಗಳನ್ನು (ಲೀಫ್ ಸ್ಪ್ರಿಂಗ್‌ಗಳನ್ನು) ಚಾಸಿಗೆ ಜೋಡಿಸುವ ಬ್ರಾಕೆಟ್‌ಗಳ ಸುತ್ತ ಕೆಸರು ಕೂತು ಮೊದಲು ಕೊಳೆಯುವುದರಿಂದ ಅಲ್ಲಿ ಹೆಚ್ಚು ಹೊತ್ತು ಕಳೆಯಬೇಕು. ಅಡಿಭಾಗಕ್ಕೆ ಹೊಸದಾಗಿ ದಪ್ಪ ಕಪ್ಪು ಬಣ್ಣ ಬಳಿದಿದ್ದರೆ ಅದರ ಕೆಳಗೆ ವೆಲ್ಡಿಂಗ್ ತೇಪೆ ಇರುವ ಸಾಧ್ಯತೆಯಿದೆ. ಕರಾವಳಿಯಲ್ಲಿ ಓಡಿದ ಗಾಡಿಗೆ ಉಪ್ಪುಗಾಳಿಯ ಹಾನಿ ಸೇರಿರುತ್ತದೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಮಾಡಬಹುದು. ಚಾಸಿ ಹೋದ ಗಾಡಿಯನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಅಡಿಯಲ್ಲಿರುವಾಗಲೇ ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್ ಇದೆಯೇ ನೋಡಿಕೊಳ್ಳಿ. ಫೋರ್ ವೀಲ್ ಡ್ರೈವ್ ಎಂದು ಮಾರುವ ಎಷ್ಟೋ ಗಾಡಿಗಳಲ್ಲಿ ಅದನ್ನು ಬಿಚ್ಚಿಟ್ಟಿರುತ್ತಾರೆ. ಆಮೇಲೆ ಮುಂಭಾಗವನ್ನು ಜಾಕ್ ಮೇಲೆ ಎತ್ತಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟವಿದ್ದರೆ ಬೇರಿಂಗ್ ಅಥವಾ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗಲು ಆಧಾರವಾದ ಪಿನ್) ಸವೆದಿದೆ. ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುವುದಕ್ಕೆ ಇದೇ ಒಂದು ಮೂಲ.

ಓಡಿಸಿ ನೋಡುವಾಗ

ಖಾಲಿ ರಸ್ತೆಯಲ್ಲಿ 40 ಕಿಲೋಮೀಟರ್ ವೇಗದಿಂದ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯಬಾರದು, ಪೆಡಲನ್ನು ಎರಡೆರಡು ಸಲ ತುಳಿಯುವ ಪ್ರಮೇಯವೂ ಬರಬಾರದು. ಬಳಿಕ ಒದ್ದೆ ಮಣ್ಣಿನ ಏರಿನಲ್ಲಿ ಫೋರ್ ವೀಲ್ ಹಾಕಿ, ಲೋ ರೇಂಜ್‌ನಲ್ಲೂ (ವೇಗ ಕಡಿಮೆ, ಎಳೆಯುವ ಬಲ ಹೆಚ್ಚು ಇರುವ ಗೇರ್) ಹತ್ತಿಸಿ. ಆಕ್ಸಿಲರೇಟರ್ ಬಿಟ್ಟಾಗ ಫೋರ್ ವೀಲ್ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಜಿಗಿದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಸವೆದಿರಬಹುದು. ಮೆಕ್ಯಾನಿಕ್‌ಗೆ ತೋರಿಸದೆ ವ್ಯಾಪಾರ ಮುಂದುವರಿಸಬೇಡಿ.

ಕೀಲಿ ಕೊಡುವ ಮೊದಲು

ಆರ್‌ಸಿ ಮತ್ತು ವಿಮೆಯನ್ನು ಹೊಸ ಹೆಸರಿಗೆ ಮಾಡಿಸಿ. ಬ್ರೇಕ್ ಆಯಿಲ್ ಮತ್ತು ಬ್ರೇಕ್‌ನ ರಬ್ಬರ್ ಹೋಸ್‌ಗಳನ್ನು, ನೋಡಲು ಚೆನ್ನಾಗಿದ್ದರೂ, ಬದಲಿಸಿ. ಟೈರ್ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಮುಂದಿನ ಎರಡೂ ಸೀಟ್‌ಗಳಿಗೆ ಗಟ್ಟಿ ಸೀಟ್ ಬೆಲ್ಟ್ ಇರಲಿ, ಹಿಂದಿನ ಅಡ್ಡ ಸೀಟ್‌ನಲ್ಲಿ ಸ್ನೇಹಿತರನ್ನು ತುಂಬಿಕೊಂಡು ಹೋಗುವುದಕ್ಕೆ ಅವಕಾಶ ಕೊಡಬೇಡಿ.

ಕಲಿಸಬೇಕಾದ ಸಂಗತಿಗಳೂ ಇವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳುತ್ತವೆ. ಈ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದಾಗ ಎರಡೂ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಒಣ ಟಾರ್ ರಸ್ತೆಯಲ್ಲಿ ಅದನ್ನು ಹಾಕಿದರೆ ಗೇರ್‌ಗಳಿಗೂ ಶಾಫ್ಟ್‌ಗಳಿಗೂ ಪೆಟ್ಟು ಬೀಳುತ್ತದೆ, ಸ್ಟೇರಿಂಗ್ ಕೂಡ ಮೊಂಡು ಹಿಡಿಯುತ್ತದೆ. ಹಳ್ಳ ದಾಟಿದ ಮೇಲೆ ಒದ್ದೆಯಾದ ಡ್ರಮ್ ಬ್ರೇಕ್ ಹಿಡಿಯುವುದಿಲ್ಲವಾದ್ದರಿಂದ ನಿಧಾನವಾಗಿ ಸಾಗುತ್ತ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಎರಡನೇ ಗೇರ್‌ನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಬೇಕು, ನ್ಯೂಟ್ರಲ್ ಮಾಡಲೇಬಾರದು. ಮೊದಲ ಮಳೆಗಾಲ ಮುಗಿಯುವ ತನಕ ಘಾಟಿ ರಸ್ತೆಗೆ ಹೋಗುವಾಗ ಅನುಭವವುಳ್ಳ ಹಿರಿಯರೊಬ್ಬರು ಪಕ್ಕದಲ್ಲಿ ಕೂತಿರಲಿ.