ಕಾಲೇಜಿನ ಸಮಾನ ಅವಕಾಶ ಕೋಶ ನಡೆಸಿದ ನನ್ನ ಅನುಭವ

ಜಾತಿ, ಅಂಗವೈಕಲ್ಯದಂಥ ಕಾರಣಕ್ಕೆ ವಿದ್ಯಾರ್ಥಿಗಳಿಗೆ ತಾರತಮ್ಯ ಆಗದಂತೆ ನೋಡಿಕೊಳ್ಳುವ ಸಮಾನ ಅವಕಾಶ ಕೋಶದ ಸಂಯೋಜಕಿಯ ಹೊಣೆ ನನಗೆ ಬಂದಾಗ ಕೈಗೆ ಸಿಕ್ಕಿದ್ದು ಒಂದು ಕಡತ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆ ತೋರಿಸಲು ಅಚ್ಚುಕಟ್ಟಾಗಿ ಜೋಡಿಸಿದ್ದರು: ಜಯಂತಿಗಳ ಫೋಟೊ, ಎತ್ನಿಕ್ ಡೇ (ಸಾಂಪ್ರದಾಯಿಕ ಉಡುಪಿನ ದಿನ) ವರದಿ, ಸಮಿತಿ ಸದಸ್ಯರ ಪಟ್ಟಿ. ದೂರುಗಳ ಪುಟ ಮಾತ್ರ ಖಾಲಿ. ತಾರತಮ್ಯ ಇಲ್ಲದ ಕಾರಣಕ್ಕೆ ಅದು ಖಾಲಿ ಇದೆ ಎಂದು ನನಗೆ ಅನ್ನಿಸಲಿಲ್ಲ. ಹೇಳಿಕೊಳ್ಳಲು ಯಾರ ಬಳಿ ಹೋಗಬೇಕೆಂದು ಮಕ್ಕಳಿಗೆ ಗೊತ್ತೇ ಇರಲಿಲ್ಲ.

ಹಾಗಾಗಿ ಭಾಷಣ, ಬ್ಯಾನರ್ ಬದಿಗಿಟ್ಟು ಲೈಬ್ರರಿ ಪಕ್ಕದ ಮೆಟ್ಟಿಲ ಹತ್ತಿರ ಕೂರತೊಡಗಿದೆ. ಮಾತು ನಿಧಾನವಾಗಿ ಹೊರಬಂತು. ಹೆಚ್ಚಿನವರಿಗೆ ನೋವು ಕೊಟ್ಟಿದ್ದು ಬೈಗುಳವಲ್ಲ, ವಿದ್ಯಾರ್ಥಿವೇತನದ ಪಟ್ಟಿ. ಪಾಠದ ನಡುವೆ ಬಾಗಿಲಲ್ಲಿ ನಿಂತು ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ’ ಎನ್ನುವುದು, ನೋಟಿಸ್ ಬೋರ್ಡಿನಲ್ಲಿ ಹೆಸರಿನ ಮುಂದೆ ಜಾತಿಯ ಕಾಲಂ ಹಾಕುವುದು. ಮೊದಲ ವಾರದಲ್ಲೇ ಇಡೀ ಕ್ಲಾಸಿಗೆ ಯಾರು ಯಾವ ಜಾತಿ ಎಂದು ಗೊತ್ತಾಗಿಬಿಡುತ್ತಿತ್ತು. ಕಚೇರಿಯ ಗುಮಾಸ್ತರಿಗೆ ದ್ವೇಷವೇನೂ ಇರಲಿಲ್ಲ; ರಾಜ್ಯ ಸರ್ಕಾರದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕೊನೇ ದಿನಾಂಕದೊಳಗೆ ಎಲ್ಲರ ಅರ್ಜಿ ಹೋಗಲಿ ಎಂಬ ಅವಸರ, ಅಷ್ಟೆ. ಆದರೆ ತರಗತಿಯಲ್ಲಿ ವಿದ್ಯಾರ್ಥಿಗಳ ಜಾತಿ ಹೇಳಿ ಗುರುತಿಸುವುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2012ರ ಸಮಾನತೆ ನಿಯಮಗಳು ತಾರತಮ್ಯವೆಂದೇ ಕರೆದಿವೆ. ಆ ಪುಟವನ್ನು ಪ್ರಾಂಶುಪಾಲರ ಮೇಜಿನ ಮೇಲಿಟ್ಟೆ. ಗುಮಾಸ್ತರ ಜೊತೆ ಕೂತು ಹೊಸ ಕ್ರಮ ಮಾಡಿಕೊಂಡೆವು: ಎಲ್ಲ ವಿದ್ಯಾರ್ಥಿವೇತನಗಳ ಮಾಹಿತಿ ಎಲ್ಲರಿಗೂ, ಬೋರ್ಡಿನಲ್ಲಿ ರಿಜಿಸ್ಟರ್ ನಂಬರ್ ಮಾತ್ರ, ದಾಖಲೆ ಬಾಕಿ ಇದ್ದರೆ ಅವರವರ ಮೊಬೈಲಿಗೇ ಸಂದೇಶ. ಖರ್ಚು ಏನೂ ಇಲ್ಲ.

ಎತ್ನಿಕ್ ಡೇ ವಿಷಯ ಇಷ್ಟು ಸುಲಭವಿರಲಿಲ್ಲ. ಬಾಡಿಗೆಗೆ ತಂದ ಲಂಬಾಣಿ ಲಂಗ, ಕನ್ನಡಿ ಕೂರಿಸಿದ ರವಿಕೆ ತೊಟ್ಟು ಹುಡುಗಿಯರು ವೇದಿಕೆ ಹತ್ತುತ್ತಿದ್ದರು, ಚಪ್ಪಾಳೆಯೋ ಚಪ್ಪಾಳೆ. ಅದೇ ಕಾಲೇಜಿನಲ್ಲಿ ತಾಂಡಾದಿಂದ ಬಂದ ಹುಡುಗಿ ತಾಯಿಯ ಜೊತೆ ಫೋನಿನಲ್ಲಿ ತನ್ನ ಭಾಷೆಯಲ್ಲಿ ಮಾತಾಡಿದರೆ ನಗು. ಬಟ್ಟೆಗೆ ಸಿಕ್ಕ ಗೌರವ ಆ ಬಟ್ಟೆಯ ಜನಕ್ಕೆ ಸಿಗದಿದ್ದರೆ ಅದನ್ನು ಸಂಸ್ಕೃತಿಯ ಹಬ್ಬ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ‘ಆ ಸಮುದಾಯದವರನ್ನೇ’ ವೇದಿಕೆಗೆ ಕರೆಯೋಣ ಎಂದರು ಸಹೋದ್ಯೋಗಿಗಳು. ಸದುದ್ದೇಶದ ಮಾತೇ. ಹಲಗೆ ಬಾರಿಸುವ ಮನೆತನದ ಹುಡುಗನ ಹೆಸರೂ ಬಂತು. ಅವನು ನನ್ನ ಬಳಿ ಬಂದು, ‘ಮೇಡಂ, ನಮ್ಮಪ್ಪ ಊರಲ್ಲಿ ಕರೆದಲ್ಲೆಲ್ಲ ಹೋಗಿ ಬಾರಿಸ್ಬೇಕು. ನಾನು ಕೆಮಿಸ್ಟ್ರಿ ಓದೋಕೆ ಬಂದಿದೀನಿ. ಇಲ್ಲೂ ನನ್ನ ಕೈಗೆ ಹಲಗೆ ಕೊಡ್ಬೇಡಿ’ ಎಂದ. ನಾವು ಕಲೆ ಎನ್ನುವುದು ಅವನ ಮನೆಗೆ ಬಿಟ್ಟಿ ಚಾಕರಿಯೂ ಆಗಿತ್ತು. ಸಂವಿಧಾನದ 29ನೇ ವಿಧಿ ತನ್ನದೇ ಭಾಷೆ, ಲಿಪಿ, ಸಂಸ್ಕೃತಿ ಇರುವ ಜನರಿಗೆ ಅದನ್ನು ಕಾಪಾಡಿಕೊಳ್ಳುವ ಹಕ್ಕು ಕೊಟ್ಟಿದೆ; ತೋರಿಸಲೇಬೇಕು ಎನ್ನುವ ಅಧಿಕಾರವನ್ನು ಕಾಲೇಜಿಗೆ ಕೊಟ್ಟಿಲ್ಲ. ಬೇಡ ಎನ್ನುವುದೂ ಸಾಂಸ್ಕೃತಿಕ ಸ್ವಾತಂತ್ರ್ಯವೇ. ಅಂದಿನಿಂದ ಜಾತಿ ನೋಡಿ ಯಾರನ್ನೂ ಕರೆಯುವುದಿಲ್ಲ. ಬಹಿರಂಗವಾಗಿ ಹೆಸರು ಕೇಳುತ್ತೇವೆ, ಏನು ಮಾಡಬೇಕೆಂಬುದು ಅವರವರಿಗೇ ಬಿಟ್ಟದ್ದು. ತಾಂಡಾದ ಆ ಹುಡುಗಿ ತಾನಾಗಿಯೇ ಹೆಸರು ಕೊಟ್ಟಳು. ಕುಣಿಯಲಿಲ್ಲ, ಅಜ್ಜಿಯ ಕಸೂತಿ ತಂದು ಒಂದೊಂದು ಹೊಲಿಗೆ ಹೇಗೆ ಹಾಕುತ್ತಾರೆ ಎಂದು ತೋರಿಸಿದಳು.

ಹೊರಗಿನಿಂದ ಬರುವ ಕಲಾವಿದರ ವಿಷಯಕ್ಕೂ ಕೈ ಹಾಕಿದೆ. ಆಮಂತ್ರಣ ಪತ್ರಿಕೆಯಲ್ಲಿ ಅತಿಥಿಗಳ ಹೆಸರು ಪದವಿ ಸಮೇತ, ಇವರದು ‘ಜಾನಪದ ಕಲಾತಂಡ’ ಎಂದಷ್ಟೇ. ಈಗ ಪ್ರತಿಯೊಬ್ಬರ ಹೆಸರು ಅಚ್ಚಾಗುತ್ತದೆ, ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ, ಊಟ ಅತಿಥಿಗಳ ಸಾಲಿನಲ್ಲೇ.

ಅಂಗವಿಕಲ ವಿದ್ಯಾರ್ಥಿಗಳಿಗೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಮುಖ್ಯ ಪರೀಕ್ಷೆಯಲ್ಲಿ ಸಿಗುತ್ತಿತ್ತು, ಇಂಟರ್ನಲ್ಸ್‌ನಲ್ಲಿ ಇರಲಿಲ್ಲ. ಒಂದು ಸುತ್ತೋಲೆಯಿಂದ ಸರಿಹೋಯಿತು.

ದೂರುಗಳು ಬರತೊಡಗಿದಾಗ ‘ಕಾಲೇಜಿನ ಹೆಸರು ಕೆಡುತ್ತದೆ’ ಎಂದವರಿದ್ದರು. ಬರೆದುಕೊಟ್ಟದ್ದಕ್ಕೆ ಅದೇ ದಿನ ಸ್ವೀಕೃತಿ ಪತ್ರ, ಹೆಸರು ಗುಟ್ಟು: ಇವೆರಡರಲ್ಲಿ ನಾನು ಯಾರ ಮಾತಿಗೂ ಬಗ್ಗಲಿಲ್ಲ.

ಕೋಶ ಇಂದಿಗೂ ನಡೆಯುತ್ತಿರುವುದು ಸ್ಟಾಫ್ ರೂಮಿನ ಮೂಲೆಯಲ್ಲಿ. ಅಲ್ಲಿ ಕೂತು ಯಾವ ಹುಡುಗಿ ಬಾಯಿಬಿಟ್ಟಾಳು? ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೊಠಡಿ, ಸಂಯೋಜಕರಿಗೆ ವಾರದಲ್ಲಿ ಕೆಲವು ಪೀರಿಯಡ್‌ಗಳ ರಿಯಾಯಿತಿ ಬೇಕೆಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಮುಂದಿನ ಸಭೆಯಲ್ಲಿ ಅದು ಚರ್ಚೆಗೆ ಬರಲಿದೆ.